ಹೆಸರಿಲ್ಲದ ಕಾಯಿಲೆಗೆ ಯಾವ ಆಸ್ಪತ್ರೆ? ಬೆಳೆದ ಮಗಳ ಫೈಲು ಹಿಡಿದು ಅಲೆದ ಅಪ್ಪನೊಬ್ಬನ ಹೋಲಿಕೆ

ಮೂರು ವರ್ಷಗಳ ಹಿಂದೆ ನಮ್ಮ ಅಣ್ಣನ ಮಗನ ಮದುವೆ. ಎರಡನೇ ಪಂಕ್ತಿಯಲ್ಲಿ ಚಾಪೆಯ ಮೇಲೆ ಕುಳಿತು ಊಟ ಮಾಡಿದ ನನ್ನ ಮಗಳು, ಎಲ್ಲರೂ ಕೈ ತೊಳೆಯಲು ಎದ್ದು ಹೋದ ಮೇಲೂ ಎಲೆಯ ಮುಂದೆಯೇ ಇದ್ದಳು. ಬಲಗೈ ಎಂಜಲು. ಎಡಗೈಯೊಂದನ್ನೇ ನೆಲಕ್ಕೆ ಊರಿ, ಮಂಡಿಯ ಮೇಲೆ ಬಂದು, ಆಮೇಲೆ ಅದೇ ಕೈಯಿಂದ ತೊಡೆಯನ್ನು ಒತ್ತಿ ಒತ್ತಿ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತಿದಂತೆ ಎದ್ದು ನಿಂತಳು. ಆಗ ಅವಳಿಗೆ 25. ನಾನು ನೋಡಿದ್ದನ್ನು ನೋಡಿ, "ಕಾಲು ಜೋಮು ಹಿಡಿದಿತ್ತು ಅಪ್ಪಾ" ಎಂದಳು.

ಹಾಗೆ ಏಳುವುದಕ್ಕೆ ವೈದ್ಯಶಾಸ್ತ್ರದಲ್ಲಿ ಗೋವರ್ಸ್ ಚಿಹ್ನೆ ಎಂಬ ಹೆಸರಿದೆ, ಸೊಂಟ ಮತ್ತು ತೊಡೆಯ ಸ್ನಾಯುಗಳ ಬಲ ಕುಂದಿದಾಗ ಹಾಗಾಗುತ್ತದೆ ಎಂದು ನನಗೆ ತಿಳಿದದ್ದು ಹದಿನಾಲ್ಕು ತಿಂಗಳ ನಂತರ. ಅಷ್ಟರೊಳಗೆ ಒಬ್ಬರು ಮೂಳೆ ಡಾಕ್ಟರು, ಇಬ್ಬರು ಲಿವರ್ ತಜ್ಞರು, ಕಾಮಾಲೆಗೆ ನಾಟಿ ಔಷಧಿ ಕೊಡುವ ಒಬ್ಬ ಹಿರಿಯರು ಎಲ್ಲರನ್ನೂ ಕಂಡಾಗಿತ್ತು. ರಕ್ತಪರೀಕ್ಷೆಯಲ್ಲಿ ಲಿವರ್ ನೋಡಲು ಅಳೆಯುವ ಕಿಣ್ವಗಳಾದ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಮೂರು ಪಟ್ಟು ಏರಿದ್ದವು, ಆದ್ದರಿಂದ ಲಿವರ್ ಕಾಯಿಲೆ ಎಂದೇ ಎಲ್ಲರ ತೀರ್ಮಾನ. 48 ಕೆಜಿ ತೂಕದ ಹುಡುಗಿಗೆ "ಕೊಬ್ಬು ಕಡಿಮೆ ಮಾಡಿ" ಎಂದರು. ದಾವಣಗೆರೆಯಲ್ಲಿ ಹುಟ್ಟಿ ಬೆಳೆದವಳು ಎಂಟು ತಿಂಗಳು ಬೆಣ್ಣೆದೋಸೆಯ ಮುಖ ನೋಡಲಿಲ್ಲ.

ಕೊನೆಗೆ ವಿಷಯ ಹಿಡಿದವರು ನಮ್ಮ ಬಡಾವಣೆಯ ಹಳೆಯ ಫಿಸಿಷಿಯನ್. ಎಸ್‌ಜಿಒಟಿ, ಎಸ್‌ಜಿಪಿಟಿ ಲಿವರಿನಲ್ಲಿ ಮಾತ್ರವಲ್ಲ, ಸ್ನಾಯುಗಳಲ್ಲಿಯೂ ಇರುತ್ತವೆ. ಸ್ನಾಯು ಸವೆದರೂ ರಕ್ತಕ್ಕೆ ಇಳಿಯುತ್ತವೆ. ಲಿವರ್ ಕೆಟ್ಟಾಗ ಸಾಮಾನ್ಯವಾಗಿ ಏರುವ ಜಿಜಿಟಿ ಎಂಬ ಇನ್ನೊಂದು ಕಿಣ್ವ ಸ್ನಾಯುವಿನ ಕಾರಣಕ್ಕೆ ಏರುವುದಿಲ್ಲ. ಅವಳ ಜಿಜಿಟಿ ಸರಿಯಾಗಿಯೇ ಇತ್ತು, ಅದೇ ರಿಪೋರ್ಟಿನ ಕೆಳಸಾಲಿನಲ್ಲಿ, ಯಾರೂ ಓದದೆ. ಅವರು ಬರೆದುಕೊಟ್ಟದ್ದು ಸ್ನಾಯು ಸವೆದಾಗ ರಕ್ತಕ್ಕೆ ಇಳಿಯುವ ಕಿಣ್ವವನ್ನು ಅಳೆಯುವ ಸಿಪಿಕೆ ಎಂಬ ಒಂದೇ ಪರೀಕ್ಷೆ. ಇನ್ನೂರರ ಆಸುಪಾಸಿನೊಳಗೆ ಇರಬೇಕಾದದ್ದು 6,400 ಇತ್ತು.

ನಾನು ಡಾಕ್ಟರನಲ್ಲ, ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ವಿಳಾಸ ಸರಿಯಿಲ್ಲದ ಕಾಗದ ಎಷ್ಟು ಊರು ಸುತ್ತುತ್ತದೆ ಎಂಬುದಷ್ಟೇ ನನಗೆ ಚೆನ್ನಾಗಿ ಗೊತ್ತು. "ಒಳ್ಳೆಯ ಆಸ್ಪತ್ರೆ ಯಾವುದು?" ಎಂದು ಹತ್ತು ಜನರನ್ನು ಕೇಳಿದೆ, ಹತ್ತು ಹೆಸರು ಬಂದವು, ಹತ್ತೂ ಒಳ್ಳೆಯ ಆಸ್ಪತ್ರೆಗಳೇ. ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಈಗ ನನ್ನ ಕೈಯಲ್ಲಿರುವ ಅನುಮಾನ ಯಾವುದು, ಅದನ್ನು ಪರಿಹರಿಸುವ ಪರೀಕ್ಷೆ ಎಲ್ಲಿ ನಡೆಯುತ್ತದೆ? ಮುಂದಿನ ಹೋಲಿಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ. ಉದಾಹರಣೆ ಸ್ನಾಯುವಿನದ್ದು, ಏಕೆಂದರೆ ನಮಗೆ ಬಂದದ್ದು ಅದು.

ಹೋಲಿಸುತ್ತ ಕೂರಬಾರದ ಹೊತ್ತೂ ಇದೆ. ಬಲಹೀನತೆ ಕೆಲವೇ ದಿನಗಳಲ್ಲಿ ಏರುತ್ತಿದ್ದರೆ, ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿದ್ದರೆ, ನೀರು ಕುಡಿದರೆ ನೆತ್ತಿಗೇರುತ್ತಿದ್ದರೆ, ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿದರೆ, ಓದುವುದನ್ನು ನಿಲ್ಲಿಸಿ ಹತ್ತಿರದ ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಊರಿನ ಫಿಸಿಷಿಯನ್ನೋ, ನೇರ ಬೆಂಗಳೂರೋ

ನಮ್ಮ ಕಡೆ ಕಾಯಿಲೆ ಗೊತ್ತಾಗದಿದ್ದರೆ ರಾತ್ರಿ ಬಸ್ಸು ಹತ್ತುವುದೇ ಮೊದಲ ಕ್ರಮ. ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಲಾಡ್ಜ್‌ನಲ್ಲಿ ಮುಖ ತೊಳೆದು, ಯಾರೋ ಹೇಳಿದ ಸೂಪರ್ ಸ್ಪೆಷಲಿಸ್ಟ್ ಮುಂದೆ ಕುಳಿತರೆ ಅವರು ತಮ್ಮ ಅಂಗವನ್ನು ನೋಡಿ "ನಮ್ಮ ಕಡೆಯಿಂದ ಏನೂ ತೊಂದರೆಯಿಲ್ಲ" ಎನ್ನುತ್ತಾರೆ. ಅದು ಸುಳ್ಳಲ್ಲ. ಹೃದಯದವರಿಗೆ ಹೃದಯ ಸರಿಯಿದೆ, ಮೂಳೆಯವರಿಗೆ ಮೂಳೆ ಸರಿಯಿದೆ. ಯಾವ ಅಂಗದ್ದು ಎಂದೇ ಗೊತ್ತಿಲ್ಲದ ಕಾಯಿಲೆಯನ್ನು ಅಂಗಕ್ಕೊಬ್ಬರಂತೆ ಇರುವವರ ಬಳಿ ಒಯ್ದರೆ ಆಗುವುದೇ ಹೀಗೆ.

ಎಂ.ಡಿ. ಜನರಲ್ ಮೆಡಿಸಿನ್ ಓದಿದ, ಇಪ್ಪತ್ತು ನಿಮಿಷ ಕೊಡಬಲ್ಲ, ಫೋನ್ ಎತ್ತುವ ಒಬ್ಬರು ಊರಿನಲ್ಲಿದ್ದರೆ ಅವರಿಂದ ಶುರುಮಾಡುವುದೇ ಸರಿ ಎಂಬುದು ನನ್ನ ತೀರ್ಮಾನ. ಅದರಲ್ಲಿ ಅನುಮಾನವಿಲ್ಲ. ಸ್ನಾಯು ಸೋಲುವುದಕ್ಕೆ ಅಪರೂಪದ ಕಾಯಿಲೆಯೇ ಬೇಕಿಲ್ಲ. ಥೈರಾಯ್ಡ್ ಕುಂದಿದರೂ ಸಿಪಿಕೆ ಏರಬಹುದು. ವಿಟಮಿನ್ ಡಿ ತೀರಾ ಕಡಿಮೆಯಾದರೂ ಮೆಟ್ಟಿಲು ಹತ್ತಲಾಗದು. ಪೊಟ್ಯಾಸಿಯಂ ಇಳಿದರೂ ಕಾಲು ಸೋಲುತ್ತದೆ. ಕೊಲೆಸ್ಟರಾಲ್ ಮಾತ್ರೆಯೂ ಕೆಲವರಲ್ಲಿ ಸ್ನಾಯುವನ್ನು ಕೆಡಿಸುತ್ತದೆ. ಇವೆಲ್ಲ ದಾವಣಗೆರೆ, ಹಾಸನ, ವಿಜಯಪುರದಂಥ ಊರುಗಳಲ್ಲಿಯೇ ಪತ್ತೆಯಾಗುವಂಥವು, ಮದ್ದಿರುವಂಥವು. ಇವನ್ನು ತೆಗೆದುಹಾಕಿ ಬಂದವರ ಫೈಲನ್ನು ದೊಡ್ಡ ಆಸ್ಪತ್ರೆಯವರು ಬೇರೆಯದೇ ಗಮನದಿಂದ ನೋಡುತ್ತಾರೆ. ರೆಫರಲ್ ಕಾಗದದಲ್ಲಿ "ತಪಾಸಣೆಗಾಗಿ" ಎಂದಷ್ಟೇ ಬರೆಸಿಕೊಳ್ಳಬೇಡಿ. "ಸೊಂಟದ ಸ್ನಾಯುಗಳ ಬಲಹೀನತೆ, ಎರಡು ವರ್ಷದಿಂದ, ಸಿಪಿಕೆ ಇಷ್ಟು, ಥೈರಾಯ್ಡ್ ಸರಿಯಿದೆ, ಮಯೋಪತಿ (ಸ್ನಾಯುವಿನ ಕಾಯಿಲೆ) ಅನುಮಾನ" ಎಂದಿದ್ದರೆ ಕಾಗದ ನೇರವಾಗಿ ತಲುಪಬೇಕಾದಲ್ಲಿಗೆ ತಲುಪುತ್ತದೆ.

ಊರಿನಲ್ಲಿ ಅಂಥವರು ಸಿಗದಿದ್ದರೆ? ಹತ್ತಿರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಮೆಡಿಸಿನ್ ವಿಭಾಗ. ಅಲ್ಲಿ ಪಿ.ಜಿ. ಓದುವ ಹುಡುಗರು ತಲೆಯಿಂದ ಕಾಲಿನವರೆಗೆ ಪ್ರಶ್ನೆ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಮತ್ತೆ ಕೇಳುತ್ತಾರೆ. ಬೇಸರವಾಗುತ್ತದೆ. ಆದರೆ "ಇಂಡಿಯನ್ ಟಾಯ್ಲೆಟ್‌ನಿಂದ ಏಳಲು ಕಷ್ಟವೇ? ಬಟ್ಟೆ ಒಣಹಾಕಲು ಕೈ ಎತ್ತಲಾಗುತ್ತದೆಯೇ?" ಎಂಬ ಪ್ರಶ್ನೆಯನ್ನು ನನ್ನ ಮಗಳಿಗೆ ಮೊದಲು ಕೇಳಿದ್ದು ಅಂಥ ಒಬ್ಬ ವಿದ್ಯಾರ್ಥಿನಿ. ಒಂದು ವರ್ಷದಿಂದ ಕಷ್ಟ ಎಂದು ಇವಳು ಹೇಳಿದಾಗ ಪಕ್ಕದಲ್ಲಿದ್ದ ನಾವಿಬ್ಬರೂ ಮೊದಲ ಸಲ ಕೇಳಿಸಿಕೊಂಡೆವು.

ಖಾಸಗಿ ಕಾರ್ಪೊರೇಟ್ ಆಸ್ಪತ್ರೆ

ಇದರ ಬಲ ವೇಗ. ರಕ್ತ, ಎಂಆರ್‌ಐ, ನರಗಳ ಪರೀಕ್ಷೆ ಎಲ್ಲವೂ ಒಂದೇ ಕಟ್ಟಡದಲ್ಲಿ, ಬಹುಪಾಲು ಎರಡು ದಿನದೊಳಗೆ. ರಜೆ ಸಿಗದ ಮಕ್ಕಳಿಗೆ ಇದು ಸಣ್ಣ ಮಾತಲ್ಲ. ನಿಮಗೆ ಬೇಕಾದ ನಿರ್ದಿಷ್ಟ ತಜ್ಞರು ಅಲ್ಲಿಯೇ ಕುಳಿತುಕೊಳ್ಳುತ್ತಾರೆ ಎಂದು ಖಚಿತವಿದ್ದರೆ ಹೋಗಿ. ಬರೀ ಕಟ್ಟಡದ ಹೆಸರು ನೋಡಿ ಹೋಗಬೇಡಿ. "ಫುಲ್ ಬಾಡಿ ಚೆಕಪ್" ಪ್ಯಾಕೇಜಂತೂ ಇಂಥ ಕಾಯಿಲೆಗೆ ದಂಡ. ಅವಳಿಗೆ ಮಾಡಿಸಿದ ಪ್ಯಾಕೇಜಿನಲ್ಲಿ ಅರವತ್ತು ಚಿಲ್ಲರೆ ಪರೀಕ್ಷೆಗಳಿದ್ದವು, ಸಿಪಿಕೆ ಮಾತ್ರ ಇರಲಿಲ್ಲ.

ಇನ್ನೊಂದು ಏಟು ಇಲ್ಲಿಯೇ ತಿಂದೆವು. "ಎರಡು ದಿನ ಅಡ್ಮಿಟ್ ಮಾಡಿ, ಎಲ್ಲ ಪರೀಕ್ಷೆ ಒಟ್ಟಿಗೆ ಮುಗಿಸೋಣ, ಇನ್ಶೂರೆನ್ಸ್ ಇದೆಯಲ್ಲ" ಎಂದರು. ವಿಮಾ ಕಂಪನಿ ಕ್ಲೇಮನ್ನು ತಿರಸ್ಕರಿಸಿತು. ಕಾರಣ ಪಾಲಿಸಿಯಲ್ಲಿಯೇ ಇತ್ತು: ಬರೀ ತಪಾಸಣೆಗಾಗಿ ಆಸ್ಪತ್ರೆಗೆ ಸೇರಿದರೆ ಹಣ ಕೊಡುವುದಿಲ್ಲ ಎಂಬುದು ನಮ್ಮ ದೇಶದ ಆರೋಗ್ಯ ವಿಮೆಗಳಲ್ಲಿ ಸಾಮಾನ್ಯವಾಗಿ ಇರುವ ಹೊರತುಪಡಿಕೆ. 68 ಸಾವಿರ ಕೈಯಿಂದ ಹೋಯಿತು. ರೋಗದ ಹೆಸರೇ ಗೊತ್ತಿಲ್ಲದವರಿಗೆ ಆಗುವ ಖರ್ಚೆಲ್ಲ ತಪಾಸಣೆಯದ್ದೇ ಎಂಬುದನ್ನು ನೆನಪಿಟ್ಟುಕೊಂಡು ಹೊರಡಿ.

ನಿಮ್ಹಾನ್ಸ್

ಅನುಮಾನ ಮಿದುಳು, ನರ, ಸ್ನಾಯುಗಳ ಕಡೆಗಿದ್ದರೆ ಕರ್ನಾಟಕದವರು ಬೇರೆಡೆ ಹುಡುಕುವ ಮುನ್ನ ಇಲ್ಲಿಗೆ ಬರಬೇಕು. ಹೆಸರು ಕೇಳಿ "ಅದು ಮಾನಸಿಕ ಆಸ್ಪತ್ರೆಯಲ್ಲವೇ?" ಎಂದು ಹಿಂಜರಿಯುವವರು ಇನ್ನೂ ಇದ್ದಾರೆ, ನನ್ನ ಹೆಂಡತಿಯೇ ಹಿಂಜರಿದಳು, ಹೆಣ್ಣುಮಗಳ ಮದುವೆಯ ಮಾತು ನಡೆಯುತ್ತಿದ್ದ ಕಾಲ. ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಶುರುವಾದ ಅಖಿಲ ಭಾರತ ಸಂಸ್ಥೆಯೂ ಸೇರಿ 1974ರಲ್ಲಿ ಆದದ್ದು ನಿಮ್ಹಾನ್ಸ್. ಹೆಸರಿನಲ್ಲಿರುವ ನರವಿಜ್ಞಾನ ಅಲಂಕಾರಕ್ಕೆ ಇಟ್ಟದ್ದಲ್ಲ. ನರಸ್ನಾಯು ಕಾಯಿಲೆಗಳನ್ನೇ ನೋಡುವ ತಜ್ಞರು, ಸ್ನಾಯುವಿನ ಬಯಾಪ್ಸಿಯನ್ನು ಓದಬಲ್ಲ ರೋಗವಿಜ್ಞಾನ ವಿಭಾಗ ಒಂದೇ ಆವರಣದಲ್ಲಿವೆ. ಸ್ನಾಯುವಿನ ಚೂರನ್ನು ಎಲ್ಲಿ ಬೇಕಾದರೂ ತೆಗೆಯಬಹುದು, ಅದನ್ನು ಓದುವ ಕಣ್ಣು ಎಲ್ಲೆಡೆ ಸಿಗುವುದಿಲ್ಲ.

ಶುಲ್ಕ ಕಡಿಮೆ, ಬಿಪಿಎಲ್ ಕಾರ್ಡಿದ್ದರೆ ಇನ್ನೂ ಕಡಿಮೆ. ಬೆಲೆ ತೆರುವುದು ಸಮಯದಲ್ಲಿ. ಬೆಳಿಗ್ಗೆ ನೋಂದಣಿ, ಆಮೇಲೆ ಪ್ರಾಥಮಿಕ ತಪಾಸಣೆ, ಅಲ್ಲಿಂದ ವಿಭಾಗ; ಮೊದಲ ಭೇಟಿಗೆ ಇಡೀ ದಿನ ಎಂದುಕೊಂಡೇ ಹೊರಡಬೇಕು, ವಿಶೇಷ ಪರೀಕ್ಷೆಗಳಿಗೆ ಬೇರೆ ತಾರೀಖು ಬರುತ್ತದೆ. ಕುಳಿತು ಏಳಲು ಕಷ್ಟವಿರುವವರನ್ನು ಕರೆದುಕೊಂಡು ಹೋಗುವವರು ಒಂದು ಮಡಚುವ ಎತ್ತರದ ಸ್ಟೂಲ್ ಒಯ್ಯಿರಿ. ಯಾರೂ ಹೇಳದ ಮಾತು ಇದು.

ಅನುಮಾನ ನರಸ್ನಾಯುವಿನ ಕಡೆಗಿಲ್ಲದಿದ್ದರೆ, ಅಂದರೆ ಬಿಟ್ಟುಬಿಟ್ಟು ಜ್ವರ, ಕೀಲು ಊತ, ಬಾಯಿಹುಣ್ಣು, ತೂಕ ಇಳಿಯುವುದು ಇಂಥವಿದ್ದರೆ, ನಿಮ್ಹಾನ್ಸ್ ನಿಮ್ಮ ಜಾಗವಲ್ಲ. ರುಮಟಾಲಜಿ (ಕೀಲುವಾತದಂಥ ಕಾಯಿಲೆಗಳ ವಿಭಾಗ) ಇರುವ ದೊಡ್ಡ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ನೋಡಿ. ಬೆಂಗಳೂರಿನ ಸೇಂಟ್ ಜಾನ್ಸ್, ಮಣಿಪಾಲದ ಕಸ್ತೂರಬಾ ಆಸ್ಪತ್ರೆ ಈ ಬಗೆಯವು.

ವೆಲ್ಲೂರು

ಮಿಷನರಿ ವೈದ್ಯೆ ಇಡಾ ಸ್ಕಡರ್ 1900ರಲ್ಲಿ ಒಂದು ಹಾಸಿಗೆಯಿಂದ ಆರಂಭಿಸಿದ ಸಿಎಂಸಿಗೆ, ಅಂದರೆ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಗೆ, ಇಂದು ಬಂಗಾಳ, ಜಾರ್ಖಂಡ್, ಬಾಂಗ್ಲಾದೇಶದಿಂದ ಜನ ಬರುತ್ತಾರೆ. ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ತಮಿಳಿನಷ್ಟೇ ಬಂಗಾಳಿ ಫಲಕಗಳಿವೆ, ಅಡುಗೆ ಮಾಡಿಕೊಳ್ಳಲು ಸ್ಟವ್ ಸಮೇತ ಬಾಡಿಗೆಗೆ ಸಿಗುವ ಕೋಣೆಗಳಿವೆ. ಬೆಂಗಳೂರಿನಿಂದ ಕಾಟ್ಪಾಡಿಗೆ ರೈಲು, ಅಲ್ಲಿಂದ ಆಟೋ. ಕೆಲವು ವಿಭಾಗಗಳು ರಾಣಿಪೇಟೆ ಕ್ಯಾಂಪಸ್‌ನಲ್ಲಿವೆ, ಕೋಣೆ ಹಿಡಿಯುವ ಮುನ್ನ ನಿಮ್ಮ ಚೀಟಿಯಲ್ಲಿ ಯಾವ ಕ್ಯಾಂಪಸ್ ಎಂದಿದೆ ನೋಡಿಕೊಳ್ಳಿ.

ಯಾವ ಅಂಗ ಎಂದೇ ತಿಳಿಯದ, ನಾಲ್ಕಾರು ಅಂಗಗಳಿಗೆ ಹಬ್ಬಿದ ಕಾಯಿಲೆಗೆ ನಾನು ವೆಲ್ಲೂರನ್ನೇ ಮುಂದಿಡುತ್ತೇನೆ. ಮೆಡಿಸಿನ್ ವಿಭಾಗದ ಒಂದು ಯೂನಿಟ್ ನಿಮ್ಮನ್ನು ಕೈಗೆತ್ತಿಕೊಂಡು, ಬೇಕಾದ ಬೇರೆ ವಿಭಾಗಗಳಿಗೆ ಅವರೇ ಕಳಿಸಿ, ಮತ್ತೆ ತಮ್ಮ ಬಳಿಗೆ ಕರೆಸಿಕೊಳ್ಳುವ ಪದ್ಧತಿ ಅಲ್ಲಿದೆ. ಆದರೆ ಇದು ಎರಡು ದಿನದ ಕೆಲಸವಲ್ಲ, ಒಂದೆರಡು ವಾರ ಎಂದಿಟ್ಟುಕೊಳ್ಳಿ. ಕೋಣೆ, ಊಟ, ಇಬ್ಬರ ರಜೆ ಸೇರಿದರೆ ಆಸ್ಪತ್ರೆಯ ಬಿಲ್ಲಿಗಿಂತ ಅದೇ ಹೆಚ್ಚಾಗಬಹುದು. ಜನರಲ್ ಮತ್ತು ಪ್ರೈವೇಟ್ ಎಂದು ಎರಡು ಬಗೆಯ ಒಪಿಡಿ ಇವೆ. ಪ್ರೈವೇಟ್‌ನಲ್ಲಿ ಹಿರಿಯ ವೈದ್ಯರನ್ನು ನೇರವಾಗಿ ಕಾಣಬಹುದು, ಶುಲ್ಕ ಹೆಚ್ಚು.

ದೆಹಲಿಯ ಏಮ್ಸ್ ಬಗ್ಗೆ ಕೇಳುವವರಿದ್ದಾರೆ. ಅಲ್ಲಿ ಉಳಿಯಲು ಮನೆಯಿದ್ದರೆ ಸರಿ. ನಮ್ಮ ಕಡೆಯವರಿಗೆ ಅಷ್ಟು ದೂರ ಹೋಗಬೇಕಾದ ಕಾಯಿಲೆಗಳು ಕಡಿಮೆ.

ವಂಶವಾಹಿ ಕ್ಲಿನಿಕ್: ಕಡೆಗಲ್ಲ, ನಡುವೆಯೇ

ನರತಜ್ಞರು ಕೇಳಿದ ಐದನೆಯ ಪ್ರಶ್ನೆ "ಸಂಬಂಧದಲ್ಲಿ ಮದುವೆಯೇ?" ಹೌದು. ನನ್ನ ಹೆಂಡತಿ ನನ್ನ ಸೋದರತ್ತೆಯ ಮಗಳು. ನಮ್ಮಲ್ಲಿ ಇದು ವಿಶೇಷವೇ ಅಲ್ಲ, ಅಕ್ಕನ ಮಗಳನ್ನೇ ತಂದುಕೊಂಡವರಿದ್ದಾರೆ. ಆ ಕೋಣೆಯಲ್ಲಿ ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅಪ್ಪ ಅಮ್ಮ ಇಬ್ಬರಲ್ಲಿಯೂ ಒಂದೇ ವಂಶವಾಹಿಯ (ಜೀನ್) ಒಂದೊಂದು ಕೆಟ್ಟ ಪ್ರತಿ ಸುಮ್ಮನೆ ಕುಳಿತಿದ್ದು, ಮಗುವಿಗೆ ಎರಡೂ ಸೇರಿದಾಗ ಕಾಣಿಸಿಕೊಳ್ಳುವ ಕಾಯಿಲೆಗಳಿವೆ. ಒಂದೇ ಅಜ್ಜನ ಮೊಮ್ಮಕ್ಕಳು ಮದುವೆಯಾದರೆ ಆ ಸಾಧ್ಯತೆ ಏರುತ್ತದೆ. ಇಂಥವು ಹುಟ್ಟಿನಿಂದಲೇ ಕಾಣಬೇಕೆಂದಿಲ್ಲ, ಇಪ್ಪತ್ತು ದಾಟಿದ ಮೇಲೆ ತಲೆಯೆತ್ತುವ ಸ್ನಾಯುಕ್ಷಯಗಳಿವೆ.

ಇಲ್ಲಿ ಆಯ್ಕೆ ಎರಡು. ಲ್ಯಾಬಿಗೆ ನೇರವಾಗಿ ರಕ್ತ ಕೊಟ್ಟು ಜೀನ್ ರಿಪೋರ್ಟು ತರಿಸಿಕೊಳ್ಳಬಹುದು, ಅಥವಾ ವೈದ್ಯಕೀಯ ತಳಿಶಾಸ್ತ್ರ ವಿಭಾಗದ ಮೂಲಕ ಹೋಗಬಹುದು. ಮೊದಲನೆಯದನ್ನು ಮಾಡಿ ಕೆಟ್ಟವನು ನಾನು. ರಿಪೋರ್ಟಿನಲ್ಲಿ ಬಂದದ್ದು "ಮಹತ್ವ ಅನಿಶ್ಚಿತವಾದ ಬದಲಾವಣೆ". ಅದು ಕಾಯಿಲೆಯ ಕಾರಣವೂ ಇರಬಹುದು, ಮನುಷ್ಯರಲ್ಲಿ ಇರುವ ಸಹಜ ವ್ಯತ್ಯಾಸವೂ ಇರಬಹುದು. ಇಡೀ ತಿಂಗಳು ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ತಳಿತಜ್ಞರ ಬಳಿ ಹೋದಾಗ ಅವರು ಕಾಯಿಲೆಯ ಲಕ್ಷಣ, ತೊಡೆಯ ಎಂಆರ್‌ಐ, ಬಯಾಪ್ಸಿ ಇವುಗಳ ಜೊತೆ ಅದನ್ನು ತೂಗಿ ನೋಡಿ, ನಮ್ಮಿಬ್ಬರ ರಕ್ತವನ್ನೂ ಕೇಳಿದರು. ಮಣಿಪಾಲದಲ್ಲಿ ಇಂಥ ವಿಭಾಗವಿದೆ, ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಇದೆ, ಹೈದರಾಬಾದಿನಲ್ಲಿ ಸಿಡಿಎಫ್‌ಡಿ ಎಂಬ ಡಿಎನ್ಎ ಸಂಶೋಧನಾ ಕೇಂದ್ರ ಮತ್ತು ನಿಮ್ಸ್ ಆಸ್ಪತ್ರೆ ಇವೆ. ರಿಪೋರ್ಟಿನ ಜೊತೆ ಮೂಲ ದತ್ತಾಂಶವನ್ನೂ ಕೇಳಿ ಇಟ್ಟುಕೊಳ್ಳಿ. ಒಂದೆರಡು ವರ್ಷ ಬಿಟ್ಟು ಮತ್ತೆ ವಿಶ್ಲೇಷಿಸಿದಾಗ ಇಂದು ಅರ್ಥವಾಗದ್ದು ಅರ್ಥವಾಗುವುದುಂಟು.

"ಹೆಸರು ಸಿಕ್ಕರೇನು, ಮದ್ದಿಲ್ಲವಲ್ಲ" ಎನ್ನುವ ನೆಂಟರಿಗೆ ಹೇಳಬೇಕಾದದ್ದಿದೆ. ಸ್ನಾಯುವಿನ ಉರಿಯೂತವಾದರೆ ಸಾಮಾನ್ಯವಾಗಿ ಸ್ಟಿರಾಯ್ಡ್‌ಗೆ ಬಗ್ಗುತ್ತದೆ. ಅದನ್ನೇ ವಂಶಪಾರಂಪರ್ಯದ ಸ್ನಾಯುಕ್ಷಯ ಎಂದು ಕೈಬಿಟ್ಟರೆ ಅನ್ಯಾಯ. ಪಾಂಪೆ ಎಂಬ ಕಾಯಿಲೆ ದೊಡ್ಡವರಲ್ಲಿಯೂ ಬರುತ್ತದೆ, ಅದಕ್ಕೆ ಕೊರತೆಯಾದ ಕಿಣ್ವವನ್ನೇ ಕೊಡುವ ಚಿಕಿತ್ಸೆಯಿದೆ, ವಿಪರೀತ ದುಬಾರಿ. ಕೇಂದ್ರದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ಪಟ್ಟಿಯಲ್ಲಿರುವ ಕಾಯಿಲೆಗೆ, ಗೊತ್ತುಮಾಡಿದ ಉತ್ಕೃಷ್ಟತಾ ಕೇಂದ್ರಗಳ ಮೂಲಕ, 50 ಲಕ್ಷ ರೂಪಾಯಿವರೆಗೆ ನೆರವಿದೆ. ಹೆಸರಿಲ್ಲದ ಕಾಯಿಲೆಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಬೆಂಗಳೂರಿನ ಕೇಂದ್ರ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆಯ ಜೊತೆಗಿರುವುದರಿಂದ, ವಯಸ್ಕರನ್ನು ಎಲ್ಲಿ ನೋಡುತ್ತಾರೆ ಎಂದು ವಿಚಾರಿಸಿಕೊಂಡೇ ಹೋಗಿ.

ಹಣದ ಮಾತು

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30, ವರ್ಷಕ್ಕೆ 1.5 ಲಕ್ಷದವರೆಗೆ. ಆದರೆ ಅದು ಚಿಕಿತ್ಸೆಯ ಪ್ಯಾಕೇಜುಗಳ ಲೆಕ್ಕ, ಪತ್ತೆಹಚ್ಚುವ ಅಲೆದಾಟಕ್ಕೆ ಅದರಿಂದ ಆಗುವ ಸಹಾಯ ಸ್ವಲ್ಪ. ಪತ್ತೆಯ ಹಂತದಲ್ಲಿ ಸರ್ಕಾರಿ ಆಸ್ಪತ್ರೆಯ ಕಡಿಮೆ ದರವೇ ನಿಜವಾದ ವಿಮೆ.

ಮಕ್ಕಳಿಗೆ 25 ದಾಟಿದರೆ ಬಹುಪಾಲು ಕುಟುಂಬ ಪಾಲಿಸಿಗಳಿಂದ ಹೊರಬೀಳುತ್ತಾರೆ. ಅವರ ಕಂಪನಿಯ ಗುಂಪು ವಿಮೆಯೇ ಆಗ ಆಧಾರ. ಆದ್ದರಿಂದ "ಸುಸ್ತಾಗುತ್ತದೆ, ಕೆಲಸ ಬಿಟ್ಟು ಮನೆಗೆ ಬಾ" ಎಂದು ಅವಸರದಲ್ಲಿ ಹೇಳಬೇಡಿ. ನನ್ನ ಹೆಂಡತಿ ಹೇಳಿದ್ದಳು. ಮಗಳು ಕೇಳಲಿಲ್ಲ, ಒಳ್ಳೆಯದಾಯಿತು. ಬಿಡುವುದೇ ಆದರೆ, ಬಿಡುವ ಮುನ್ನ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಿ. ಹೊಸ ಪಾಲಿಸಿಯಲ್ಲಿ ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು.

ಫೈಲು

ಬೇರೆ ಬೇರೆ ಆಸ್ಪತ್ರೆಯ ಹೊಳಪಿನ ಫೋಲ್ಡರುಗಳನ್ನು ಚೀಲದಲ್ಲಿ ತುಂಬಿಕೊಂಡು ಹೋದರೆ ಯಾರೂ ತೆರೆಯುವುದಿಲ್ಲ. ಮೇಲೆ ಒಂದೇ ಒಂದು ಹಾಳೆ: ಯಾವ ತಿಂಗಳು ಏನು ಶುರುವಾಯಿತು, ಯಾವುದು ಆಗುತ್ತಿಲ್ಲ, ಯಾವ ಮಾತ್ರೆಯಿಂದ ಏನಾಯಿತು, ಮನೆತನದಲ್ಲಿ ಯಾರಿಗೆ ಏನಿತ್ತು. ಅದರ ಕೆಳಗೆ ತಾರೀಖಿನ ಕ್ರಮದಲ್ಲಿ ರಿಪೋರ್ಟುಗಳು. ಎಂಆರ್‌ಐನ ಫಿಲ್ಮ್ ಸಾಲದು, ಸಿಡಿ ಬೇಕು. ಬಯಾಪ್ಸಿಯ ಸ್ಲೈಡ್ ಮತ್ತು ಬ್ಲಾಕ್‌ಗಳನ್ನು ಎರಡನೇ ಅಭಿಪ್ರಾಯಕ್ಕೆ ಒಯ್ಯಲು ಕೇಳಬಹುದು. ದಾಖಲೆ ಕೊಡಲು ಸತಾಯಿಸಿದರೆ, ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು 2002ರ ವೈದ್ಯಕೀಯ ಮಂಡಳಿಯ ನಿಯಮಾವಳಿಯೇ ಹೇಳುತ್ತದೆ; ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಜೊತೆಗೆ ಒಂದು ವಿಡಿಯೊ: ನೆಲದಿಂದ ಏಳುವುದು, ಮೆಟ್ಟಿಲು ಹತ್ತುವುದು, ಮೂವತ್ತು ಸೆಕೆಂಡು. ನಮ್ಮ ಫೈಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಅದೇ. ಆನ್‌ಲೈನ್ ಸಮಾಲೋಚನೆಗೂ ಅದು ಸಲ್ಲುತ್ತದೆ. ಆನ್‌ಲೈನ್‌ನ ಉಪಯೋಗ ರಿಪೋರ್ಟು ತೋರಿಸಿ ಮುಂದಿನ ಹೆಜ್ಜೆ ಕೇಳುವುದಕ್ಕೆ ಮಾತ್ರ. ಸ್ನಾಯುವಿನ ಬಲವನ್ನು ಕೈಯಿಟ್ಟು ನೋಡದೆ ಅಳೆಯಲಾಗದು.

ಒಳಗೆ ಯಾರು?

ಎಲ್ಲ ಹೋಲಿಕೆಗಳಲ್ಲಿ ನಾನು ತಡವಾಗಿ ಕಲಿತದ್ದು ಇದನ್ನು. ಅವಳು ಮಗುವಾಗಿದ್ದಾಗ ಅವಳ ಪರವಾಗಿ ನಾವೇ ಮಾತನಾಡುತ್ತಿದ್ದೆವು, ಆ ಅಭ್ಯಾಸ ಬಿಡುವುದಿಲ್ಲ. "ಏನು ತೊಂದರೆಯಮ್ಮ?" ಎಂದು ಡಾಕ್ಟರು ಅವಳನ್ನು ಕೇಳಿದರೆ ಉತ್ತರ ನನ್ನ ಬಾಯಿಂದ ಬರುತ್ತಿತ್ತು. ಮದುವೆಯ ಮಾತು, ಮುಟ್ಟಿನ ಮಾತು, ಮಕ್ಕಳಾಗುತ್ತವೆಯೇ ಎಂಬ ಮಾತು ಅಪ್ಪನ ಎದುರು ಬರುವಂಥವಲ್ಲ. ಗಂಡುಮಕ್ಕಳಾದರೆ ಕುಡಿತ, ಸಿಗರೇಟು, ಜಿಮ್‌ನಲ್ಲಿ ಯಾರೋ ಕೊಟ್ಟ ಪುಡಿ. ಇವೂ ಸ್ನಾಯುವಿನ ಕಥೆಯಲ್ಲಿ ಬೇಕಾದ ಸಂಗತಿಗಳೇ. ವಯಸ್ಕ ರೋಗಿಯ ಗುಟ್ಟನ್ನು ವೈದ್ಯರು ತಂದೆ ತಾಯಿಗೂ ಹೇಳಬೇಕಾಗಿಲ್ಲ, ಅದು ಅವರ ಧರ್ಮ. ಆದ್ದರಿಂದ ಮೊದಲರ್ಧ ಅವರೊಬ್ಬರೇ, ಕೊನೆಗೆ ಕರೆದರೆ ನಾವು. ನೋಂದಣಿಗೆ ಅವರದೇ ಮೊಬೈಲ್ ಸಂಖ್ಯೆ ಕೊಡಿ. ನನ್ನ ಸಂಖ್ಯೆ ಕೊಟ್ಟದ್ದರಿಂದ ಜೀನ್ ರಿಪೋರ್ಟನ್ನು ಅವಳಿಗಿಂತ ಮೊದಲು ನಾನು ಓದಿದೆ. ಅದಕ್ಕೆ ಅವಳು ಮೂರು ದಿನ ನನ್ನ ಜೊತೆ ಮಾತನಾಡಲಿಲ್ಲ.

ಅವಳ ಕಾಯಿಲೆಗೆ ಪೂರ್ತಿ ಹೆಸರು ಇನ್ನೂ ಬಂದಿಲ್ಲ. ಉರಿಯೂತವಲ್ಲ, ಪಾಂಪೆಯಲ್ಲ ಎಂಬಷ್ಟು ಗೊತ್ತಾಗಿದೆ. ನಮ್ಮಿಬ್ಬರ ರಕ್ತದ ಫಲಿತಾಂಶ ಬರಬೇಕು. ಕಳೆದ ಸಲ ನಾನು ಹೊರಗಿನ ಬೆಂಚಿನ ಮೇಲೆ ನಲವತ್ತು ನಿಮಿಷ ಕುಳಿತಿದ್ದೆ. ಹೊರಬಂದವಳು ಫೈಲನ್ನು ಎಂದಿನಂತೆ ನನ್ನ ಕೈಗೆ ಕೊಡಲಿಲ್ಲ, ತನ್ನ ಬ್ಯಾಗಿನಲ್ಲಿಟ್ಟುಕೊಂಡು ಜಿಪ್ ಎಳೆದಳು. "ಮುಂದಿನ ತಾರೀಖು ಹದಿನೆಂಟು. ನೀವು ಬರುವುದಾದರೆ ಟಿಕೆಟ್ ಮಾಡಿಸುತ್ತೇನೆ" ಎಂದಳು.